ಹಸಿ ದಿಮ್ಮಿಯಿಂದ ಬಟ್ಟಲು, ಲೇತ್ ಇಲ್ಲದೆ

ನಾನು ಕೆತ್ತಿದ ಮೊದಲ ಬಟ್ಟಲು ಒಂದೇ ರಾತ್ರಿಯಲ್ಲಿ ಬಿರುಕು ಬಿಟ್ಟಿತು. ಸಂಜೆ ಕೆಲಸ ಮುಗಿಸಿ, ಬೇಗ ಒಣಗಲಿ ಅಂತ ಫ್ಯಾನ್ ಕೆಳಗೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅಂಚಿನಿಂದ ತಳದವರೆಗೆ ಉಗುರು ತೂರುವಷ್ಟು ಸೀಳು. ಉಳಿ ಜಾರಿರಲಿಲ್ಲ, ಯಾವ ಏಟೂ ಬಿದ್ದಿರಲಿಲ್ಲ. ಆ ಸೀಳು ಅಲ್ಲೇ ಯಾಕೆ ಬಂತು ಅಂತ ಹುಡುಕಿಕೊಂಡು ಹೋದಾಗಲೇ ಮರದ ಒಳಗುಟ್ಟು ನನಗೆ ಗೊತ್ತಾಗತೊಡಗಿದ್ದು.

ಮರವನ್ನು ಕಲ್ಲಿನ ಹಾಗೆ ಎಲ್ಲ ಕಡೆ ಒಂದೇ ಥರ ಗಟ್ಟಿ ಅಂದುಕೊಂಡರೆ ಬಟ್ಟಲು ಕೆಡುತ್ತದೆ. ಮರ ಒಂದು ಹುಲ್ಲಿನ ಕಂತೆ ಇದ್ದ ಹಾಗೆ. ಕಾಂಡದ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳಂಥ ಜೀವಕೋಶಗಳು ಒತ್ತೊತ್ತಾಗಿ ನಿಂತಿವೆ. ಅವುಗಳ ಗೋಡೆಗೆ ಬಲ ಕೊಡುವುದು ಸೆಲ್ಯುಲೋಸ್, ಒಂದಕ್ಕೊಂದು ಅಂಟಿಸಿ ಹಿಡಿಯುವುದು ಲಿಗ್ನಿನ್. ಉದ್ದಕ್ಕೆ ಎಳೆದರೆ ಮರ ಜಗ್ಗುವುದಿಲ್ಲ. ಅಡ್ಡಕ್ಕೆ ಎಳೆದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಸೌದೆ ಒಡೆದವರಿಗೆಲ್ಲ ಇದು ಗೊತ್ತು: ಕೊರಡನ್ನು ನೆಟ್ಟಗೆ ನಿಲ್ಲಿಸಿ ಕೊಡಲಿ ಬೀಸಿದರೆ ಎರಡು ಹೋಳು, ಅದನ್ನೇ ಮಲಗಿಸಿ ಅಡ್ಡ ಕಡಿಯಲು ಹೋದರೆ ಬೆವರು ಇಳಿಯುತ್ತದೆ.

ಲೇತ್‌ನಲ್ಲಿ ಮರ ತಿರುಗುತ್ತದೆ, ಉಳಿ ಒಂದೇ ಕಡೆ ಇರುತ್ತದೆ. ಒಂದೊಂದು ಸುತ್ತಿಗೂ ನಾರಿನ ದಿಕ್ಕು ನಾಲ್ಕು ಸಲ ಬದಲಾಗುತ್ತದೆ, ಆದರೆ ಆ ವೇಗದಲ್ಲಿ ಅದು ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಕೈಯಲ್ಲಿ ಕೆತ್ತುವಾಗ ಪ್ರತಿ ಏಟಿನಲ್ಲೂ ಅದು ಕೈಗೆ ತಟ್ಟುತ್ತದೆ. ನನಗಂತೂ ಈ ಕೆಲಸದ ರುಚಿ ಇರುವುದೇ ಅಲ್ಲಿ.

ಮೊದಲು ಬೇಕಾಗಿರುವುದು ಹಸಿ ಮರ. ಆಗಷ್ಟೇ ಕಡಿದದ್ದಾದರೆ ಇನ್ನೂ ಒಳ್ಳೆಯದು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೊಳವೆಯ ಒಳಗೆ ತುಂಬಿಕೊಂಡ ನೀರು, ಮತ್ತೆ ಕೊಳವೆಯ ಗೋಡೆಯೇ ಹೀರಿ ಹಿಡಿದುಕೊಂಡ ನೀರು. ಗೋಡೆ ನೆಂದಿರುವುದರಿಂದ ಉಳಿ ಸಲೀಸಾಗಿ ಇಳಿಯುತ್ತದೆ, ಒಣಗಿದ ಮರದಲ್ಲಿ ಅದೇ ಉಳಿ ಟಣ್ ಅಂತ ಎಗರುತ್ತದೆ. ಒಣಗುವಾಗ ಕೊಳವೆಯೊಳಗಿನ ನೀರು ಮೊದಲು ಹೋಗುತ್ತದೆ. ಅಲ್ಲಿಯವರೆಗೆ ಮರ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಒಣ ಮರದ ತೂಕಕ್ಕೆ ಹೋಲಿಸಿದರೆ ತೇವ ಸುಮಾರು 30 ಪ್ರತಿಶತಕ್ಕಿಂತ ಕೆಳಗೆ ಇಳಿದಾಗ ಗೋಡೆಯ ನೀರು ಹೊರಡುತ್ತದೆ, ತೊಂದರೆ ಶುರುವಾಗುವುದು ಆಗಲೇ.

ಯಾಕೆಂದರೆ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಪೂರ್ತಿ ಒಣಗಿದರೆ ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಸುಮಾರು 8 ಪ್ರತಿಶತ, ನಡುವಿನಿಂದ ತೊಗಟೆಯ ಕಡೆಗೆ ಸುಮಾರು 4 ಪ್ರತಿಶತ, ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು. ಮರದ ಜಾತಿ ಮೇಲೆ ಈ ಅಂಕಿ ಹಿಂದೆ ಮುಂದೆ ಆಗುತ್ತದೆ, ಒಂದಕ್ಕೆ ಎರಡು ಅನ್ನುವ ಅಂದಾಜು ಮಾತ್ರ ಸಾಮಾನ್ಯ. ಈಗ ಇಡೀ ದುಂಡನೆಯ ದಿಮ್ಮಿಯನ್ನು ನೆನೆಸಿಕೊಳ್ಳಿ. ಬಳೆ ಕುಗ್ಗುತ್ತಿದೆ, ಅದರೊಳಗಿನ ಕೈ ಅಷ್ಟು ಕುಗ್ಗುತ್ತಿಲ್ಲ. ಬಳೆ ಒಡೆಯದೆ ಇನ್ನೇನು ಮಾಡೀತು? ದಿಮ್ಮಿಯ ತುದಿಯಲ್ಲಿ ನಡುವಿನಿಂದ ಹೊರಕ್ಕೆ ನಕ್ಷತ್ರದ ಹಾಗೆ ಬರುವ ಬಿರುಕುಗಳು ಇವೇ. ನನ್ನ ಮೊದಲ ಬಟ್ಟಲಿನಲ್ಲಿ ನಟ್ಟನಡುವಿನ ತಿರುಳು ಹಾಗೇ ಉಳಿದಿತ್ತು, ಸೀಳು ಅದರ ಮೇಲೇ ಹಾದುಹೋಗಿತ್ತು.

ಅದಕ್ಕೇ ದಿಮ್ಮಿಯನ್ನು ಮೊದಲು ತಿರುಳಿನ ಮೇಲೆ ಎರಡು ಹೋಳು ಮಾಡಬೇಕು. ಗರಗಸಕ್ಕಿಂತ ಬೆಣೆ ಹೊಡೆದು ಸೀಳುವುದು ವಾಸಿ, ಸೀಳು ನಾರನ್ನೇ ಹಿಡಿದುಕೊಂಡು ಹೋಗುವುದರಿಂದ ನಾರು ಎತ್ತ ತಿರುಗಿದೆ ಅಂತ ಅಲ್ಲೇ ಕಣ್ಣಿಗೆ ಕಾಣುತ್ತದೆ. ಆಮೇಲೆ ಸೀಳಿದ ಮುಖದಿಂದ ಒಂದೆರಡು ಸೆಂಟಿಮೀಟರ್ ಕೆತ್ತಿ ತಿರುಳನ್ನು ಪೂರ್ತಿ ತೆಗೆಯಬೇಕು. ಆ ಮುಖ ಬಟ್ಟಲಿನ ಬಾಯಿ, ತೊಗಟೆಯ ಕಡೆ ತಳ.

ಒಳಗಡೆ ಮೊದಲು ತೋಡಿ. ಹೊರಗೆ ಇನ್ನೂ ಒರಟಾಗಿರುವಾಗ ಮರ ಅಲ್ಲಾಡದೆ ಕೂರುತ್ತದೆ, ದುಂಡಗೆ ಮಾಡಿಬಿಟ್ಟರೆ ಹಿಡಿಯುವುದೇ ಕಷ್ಟ. ಬಾಚಿ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಬಾಯಿ ಬಾಗಿದ ಉಳಿ ಮತ್ತು ಕೊಡತಿ ಸಾಕು. ನಡುವಿನಲ್ಲಿ ಶುರು ಮಾಡಿ, ಗುಂಡಿ ಅಗಲಿಸುತ್ತಾ ಅಂಚಿನ ಕಡೆ ಬನ್ನಿ, ಆದರೆ ಪ್ರತಿ ಏಟೂ ಅಂಚಿನಿಂದ ತಳದ ಕಡೆಗೇ ಇರಲಿ.

ಇದನ್ನೊಂದು ಸಲ ಹತ್ತಿರದಿಂದ ನೋಡಿ. ಅಂಚಿನಿಂದ ಇಳಿಯುವಾಗ ಉಳಿ ಕಡಿಯುವ ಪ್ರತಿ ನಾರಿನ ಕೆಳಗೂ ಇನ್ನೊಂದು ನಾರು ಆಸರೆಯಾಗಿ ಮಲಗಿರುತ್ತದೆ. ಚಕ್ಕೆ ಸುರುಳಿಯಾಗಿ ಏಳುತ್ತದೆ, ಅದರ ಹಿಂದೆ ಉಳಿದ ಮೈ ಒದ್ದೆಯಾಗಿ ಹೊಳೆಯುತ್ತದೆ. ಅದೇ ಉಳಿಯನ್ನು ತಳದಿಂದ ಮೇಲಕ್ಕೆ ತಳ್ಳಿ ನೋಡಿ: ಉಳಿಯ ಮೊನೆ ಎರಡು ನಾರಿನ ನಡುವೆ ತೂರಿಕೊಳ್ಳುತ್ತದೆ, ಕಡಿಯುವ ಬದಲು ಎಬ್ಬುತ್ತದೆ, ಚರ್ ಅಂತ ಸದ್ದಾಗಿ ಒಂದು ಸಿಬಿರು ನಾವು ಅಂದುಕೊಂಡದ್ದಕ್ಕಿಂತ ಆಳದಿಂದ ಕಿತ್ತು ಬರುತ್ತದೆ. ಎರಡೂ ಕಡೆಯ ಇಳಿಜಾರು ತಳದಲ್ಲಿ ಸೇರುವ ಜಾಗ ಸ್ವಲ್ಪ ನಾಜೂಕು, ಅಲ್ಲಿ ನಾರಿಗೆ ಅಡ್ಡಲಾಗಿ ತೆಳುವಾಗಿ ಹೆರೆಯುವುದು ಒಳ್ಳೆಯದು. ಹೊರಮೈಗೆ ಬಟ್ಟಲನ್ನು ಬೋರಲು ಹಾಕಿ, ತಳದಿಂದ ಅಂಚಿನ ಕಡೆ ಕೆತ್ತಬೇಕು. ಮಗುಚಿಟ್ಟಾಗ ಅದೂ ಇಳಿಜಾರೇ ಅಲ್ವಾ!

ಉಳಿ ಇಲ್ಲದಿದ್ದರೂ ಬಟ್ಟಲು ಆಗುತ್ತದೆ. ಕೆಂಡ ಇದ್ದರೆ ಸಾಕು. ಲೋಹ ಬರುವುದಕ್ಕೂ ಮುಂಚಿನ ದಾರಿ ಇದು, ಮರದ ದೋಣಿಗಳನ್ನೂ ಹೀಗೇ ಸುಟ್ಟು ತೋಡುತ್ತಿದ್ದರು. ನಡುವಿನಲ್ಲಿ ಕೆಂಡ ಇಟ್ಟು ಕೊಳವೆಯಿಂದ ಊದುವುದು, ಇದ್ದಿಲಾದದ್ದನ್ನು ಕಲ್ಲಿನಿಂದಲೋ ಚಿಪ್ಪಿನಿಂದಲೋ ಕೆರೆಯುವುದು, ಮತ್ತೆ ಕೆಂಡ. ಇಡೀ ಮರ ಯಾಕೆ ಹೊತ್ತಿಕೊಳ್ಳುವುದಿಲ್ಲ? ಮರದಲ್ಲಿ ಶಾಖ ಬಹಳ ನಿಧಾನ ಹರಿಯುತ್ತದೆ, ಮೇಲಿನ ಇದ್ದಿಲಿನ ಪದರ ಅದನ್ನು ಇನ್ನೂ ತಡೆಯುತ್ತದೆ. ಮರ ಇದ್ದಿಲಾಗಲು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬೇಕು. ಒಳಗೆ ನೀರು ಇರುವಷ್ಟು ಹೊತ್ತು ಆ ಜಾಗ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂಚಿಗೆ ಹಸಿ ಜೇಡಿಮಣ್ಣು ಮೆತ್ತಿದರೆ ಬೆಂಕಿ ಅತ್ತ ಹೋಗುವುದಿಲ್ಲ. ಅವಸರಪಟ್ಟು ಜೋರಾಗಿ ಊದಿದರೆ ಮಾತ್ರ ಶಾಖಕ್ಕೆ ಮರ ಬಿರಿಯುತ್ತದೆ.

ಇನ್ನು ಒಣಗಿಸುವುದು. ಕೊಳವೆಗಳ ಬಾಯಿ ತೆರೆದಿರುವ ತುದಿಯಿಂದ ನೀರು ಪಕ್ಕದ ಮೈಗಿಂತ ಹತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಹೋಗುತ್ತದೆ. ಫ್ಯಾನ್ ಕೆಳಗೆ ಇಟ್ಟದ್ದು ಈ ವ್ಯತ್ಯಾಸವನ್ನು ಇನ್ನಷ್ಟು ಹೆಚ್ಚಿಸಿತ್ತು. ಬಟ್ಟಲಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ, ಸುಮಾರು 1 ಸೆಂಟಿಮೀಟರ್ ಇರಲಿ. ಬಟ್ಟಲನ್ನು ಅದರದ್ದೇ ಚಕ್ಕೆಗಳ ಜೊತೆ ಕಾಗದದ ಚೀಲದಲ್ಲಿ ಹಾಕಿ, ಗಾಳಿ ಬೀಸದ ತಂಪು ಮೂಲೆಯಲ್ಲಿಡಿ. ಎರಡು ದಿನಕ್ಕೊಮ್ಮೆ ತೂಕ ನೋಡಿ ಬರೆದಿಟ್ಟುಕೊಳ್ಳಿ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ. ನನ್ನ ಎರಡನೇ ಬಟ್ಟಲಿನ ಬಾಯಿ ಕೆತ್ತುವಾಗ 20 ಸೆಂಟಿಮೀಟರ್ ದುಂಡಗಿತ್ತು. ಒಣಗಿದ ಮೇಲೆ ನಾರಿನ ಉದ್ದಕ್ಕೆ 20, ಅಡ್ಡಕ್ಕೆ 19. ಅಂಚೂ ಸಮವಾಗಿ ಉಳಿಯಲಿಲ್ಲ, ಎರಡು ತುದಿ ಸ್ವಲ್ಪ ಎದ್ದಿವೆ, ಪಕ್ಕಗಳು ಇಳಿದಿವೆ. ಉಂಗುರಗಳು ಒಣಗುತ್ತಾ ಚಪ್ಪಟೆಯಾಗಲು ನೋಡುತ್ತವಲ್ಲ, ಅದರ ಗುರುತು ಅದು. ನನಗೆ ಆ ಆಕಾರವೇ ಇಷ್ಟ.

ಕೊನೆಗೆ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟಂಟಾಗಿ ಉಳಿಯುತ್ತದೆ, ಗಟ್ಟಿಯಾಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಕೆಲವು ವಾರಗಳಲ್ಲಿ ಗಟ್ಟಿ ಪದರವಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬಟ್ಟಲಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಯಲಲ್ಲಿ ಒಂದೊಂದೇ ಬಟ್ಟೆ ಬಿಡಿಸಿ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.