ಪೊಲೀಸ್ ಪ್ರಧಾನ ಕಚೇರಿಗೆ ಗಾಜಿನ ಗೋಡೆ ಏಕೆ?

ಪ್ರಶ್ನೆ: ಹೈದರಾಬಾದ್‌ನ ಬಂಜಾರಾ ಹಿಲ್ಸ್‌ನಲ್ಲಿ 2022ರಲ್ಲಿ ಶುರುವಾದ ಪೊಲೀಸ್ ಕಟ್ಟಡವಿರಲಿ, ಅಮೆರಿಕದ ಹೊಸ ಕಟ್ಟಡಗಳಿರಲಿ, ಎಲ್ಲಿ ನೋಡಿದರೂ ಗಾಜು. ಪೊಲೀಸರ ಕಟ್ಟಡ ಕೋಟೆಯಂತೆ ಗಟ್ಟಿಯಾಗಿರಬೇಡವೇ? ಕಲ್ಲೆಸೆದರೆ, ಬಾಂಬ್ ಸಿಡಿದರೆ ಗತಿಯೇನು?

ಉತ್ತರ: ಇಂಥ ಕಟ್ಟಡವನ್ನು ಕಾಯುವುದು ಗೋಡೆಗಿಂತ ಹೆಚ್ಚಾಗಿ ಗೋಡೆಯ ಮುಂದಿನ ಖಾಲಿ ಜಾಗ. ಇದನ್ನು ಜಗತ್ತು ಕಲಿತದ್ದು ದೊಡ್ಡ ಬೆಲೆ ತೆತ್ತು. 1995ರ ಏಪ್ರಿಲ್ 19ರಂದು ಒಕ್ಲಹೋಮಾ ನಗರದ ಮರ್ರಾ ಫೆಡರಲ್ ಕಟ್ಟಡದ ಎದುರು ಸ್ಫೋಟಕ ತುಂಬಿದ್ದ ಟ್ರಕ್ ಸಿಡಿದು 168 ಜನ ಸತ್ತರು. ಅದು ಕಾಂಕ್ರೀಟ್ ಕಟ್ಟಡ. ಆದರೆ ಟ್ರಕ್ ನಿಂತಿದ್ದು ಕಂಬಗಳಿಂದ ಕೆಲವೇ ಮೀಟರ್ ದೂರದಲ್ಲಿ. ಮುಂಭಾಗದ ಕಂಬ ಮುರಿಯಿತು, ಅದು ಹೊತ್ತಿದ್ದ ತೊಲೆ ಕುಸಿಯಿತು, ಒಂದರ ಮೇಲೊಂದು ಮಹಡಿಗಳು ಬಿದ್ದವು. ಸ್ಫೋಟದ ಒತ್ತಡ ದೂರ ಹೋದಂತೆ ಬಹಳ ಬೇಗ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಒತ್ತಡ ಅರ್ಧಕ್ಕಿಂತಲೂ ಕೆಳಗೆ ಬರುತ್ತದೆ. ಹಾಗಾಗಿ ಆ ಘಟನೆಯ ನಂತರ ಅಮೆರಿಕದ ಸರ್ಕಾರಿ ಕಟ್ಟಡಗಳ ನಕ್ಷೆಗಳಲ್ಲಿ ರಸ್ತೆಯಿಂದ ಎಷ್ಟು ಸೆಟ್‌ಬ್ಯಾಕ್ (ಖಾಲಿ ಅಂತರ) ಬಿಡಬೇಕು ಎನ್ನುವುದೇ ಮೊದಲ ಪ್ರಶ್ನೆಗಳಲ್ಲಿ ಒಂದಾಯಿತು.

ಅದೇ ದಿನ ಗಾಜೂ ಅನೇಕರನ್ನು ಗಾಯಗೊಳಿಸಿತು. ಸುತ್ತಲಿನ ಕಟ್ಟಡಗಳ ಸಾಧಾರಣ ಕಿಟಕಿಗಳು ಒಡೆದು ಚೂರುಗಳು ಕೋಣೆಗಳೊಳಗೆ ನುಗ್ಗಿದ್ದವು. ಇಂದು ಇಂಥ ಕಟ್ಟಡಗಳಿಗೆ ಹಾಕುವುದು ಲ್ಯಾಮಿನೇಟೆಡ್ ಗಾಜನ್ನು: ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಕೂರಿಸಿ ಒತ್ತಿದ್ದು. ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದಾಗ ಆಗುವುದೇ ಇಲ್ಲೂ ಆಗುತ್ತದೆ. ಬಿರುಕು ಬಲೆಯಂತೆ ಹರಡುತ್ತದೆ, ಆದರೆ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಅಷ್ಟೇ ಮುಖ್ಯವಾದದ್ದು ಚೌಕಟ್ಟು. ಗಾಜಿನ ಅಂಚು ಚೌಕಟ್ಟಿನೊಳಗೆ ಆಳವಾಗಿ ಕೂತು ಸಿಲಿಕೋನಿನಿಂದ ಹಿಡಿದಿರದಿದ್ದರೆ ಇಡೀ ಹಾಳೆಯೇ ಕಿತ್ತು ಒಳಗೆ ಬೀಳುತ್ತದೆ. ಕಟ್ಟಡದ ಚಿತ್ರದಲ್ಲಿ ಈ ಅಂಚು ಯಾರಿಗೂ ಕಾಣುವುದಿಲ್ಲ. ಗುತ್ತಿಗೆದಾರ ಖರ್ಚು ಉಳಿಸಲು ಕೈ ಹಾಕಬಾರದ ಜಾಗ ಇದು.

ಈ ಎರಡೂ ಪಾಠಗಳನ್ನು ಒಂದೇ ಕಡೆ ನೋಡಲು ಲಾಸ್ ಏಂಜಲೀಸ್‌ಗೆ ಬರೋಣ. ಅಲ್ಲಿನ ನಗರ ಪೊಲೀಸರ ಪ್ರಧಾನ ಕಚೇರಿ 2009ರ ಅಕ್ಟೋಬರ್‌ನಲ್ಲಿ ತೆರೆಯಿತು. ಹತ್ತು ಮಹಡಿ, ಸುಮಾರು 5 ಲಕ್ಷ ಚದರ ಅಡಿ. ಇದು ನಿಂತಿರುವುದು ಒಂದು ಇಡೀ ಬ್ಲಾಕಿನಲ್ಲಿ, 1928ರ ಸಿಟಿ ಹಾಲ್‌ಗೆ ಎದುರಾಗಿ. ಭದ್ರತೆಗಾಗಿ ರಸ್ತೆಯಿಂದ ಹಿಂದೆ ಸರಿಯಲೇಬೇಕಿತ್ತು. ಸರಿದಾಗ ಸಿಕ್ಕ ಜಾಗಕ್ಕೆ ಬೇಲಿ ಹಾಕಿ ಪಾರ್ಕಿಂಗ್ ಮಾಡಬಹುದಿತ್ತು. ವಾಸ್ತುಶಿಲ್ಪಿಗಳು ಹಾಗೆ ಮಾಡಲಿಲ್ಲ. ಎರಡನೇ ಬೀದಿಯ ಕಡೆಗೆ ಹುಲ್ಲುಹಾಸು ಬಂತು, ಸಾರ್ವಜನಿಕರೂ ಬಳಸುವ ಸಭಾಂಗಣ ಬಂತು, ಬೀದಿಯವರು ಕಾಫಿ ಕುಡಿಯುವ ಉಪಾಹಾರ ಗೃಹವೂ ಬಂತು. ಕರ್ತವ್ಯದಲ್ಲಿ ಮಡಿದ ಪೊಲೀಸರಿಗಾಗಿ ಹಿತ್ತಾಳೆಯ ಫಲಕಗಳನ್ನು ಸಾಲುಸಾಲಾಗಿ ಜೋಡಿಸಿದ ಸ್ಮಾರಕದ ಗೋಡೆಯೂ ಇದೆ. ಕೆಲವು ಫಲಕಗಳ ಮೇಲೆ ಹೆಸರುಗಳಿವೆ, ಬಹುಪಾಲು ಖಾಲಿ. ಸ್ಫೋಟದ ಭಯದಿಂದ ಹುಟ್ಟಿದ ಅಂತರವನ್ನೇ ಊರಿಗೆ ಬಿಟ್ಟುಕೊಟ್ಟ ಈ ಉಪಾಯವೇ ಆ ಕಟ್ಟಡದ ನಿಜವಾದ ವಾಸ್ತುಶಿಲ್ಪ ಎಂದು ನಾನು ಭಾವಿಸುತ್ತೇನೆ.

ಗಾಜಿನ ಹಿಂದೆ ಏನಿರುತ್ತದೆ ಎಂಬುದನ್ನೂ ಕೇಳಬೇಕು. ಹಳೆಯ ಪದ್ಧತಿಯಲ್ಲಿ ಒಂದೇ ಸೂರಿನಡಿ ಕಮಿಷನರ್ ಕಚೇರಿ, ಲಾಕಪ್, ಅಪರಾಧ ಪ್ರಯೋಗಾಲಯ ಎಲ್ಲವೂ ಇರುತ್ತಿದ್ದವು. ಲಾಕಪ್ ಇದ್ದ ಮೇಲೆ ಕಂಬಿ, ಎತ್ತರದ ಸಣ್ಣ ಕಿಂಡಿ, ಆರೋಪಿಗಳನ್ನು ತರುವ ಪ್ರತ್ಯೇಕ ದಾರಿ ಎಲ್ಲವೂ ಬೇಕು. ಲಾಸ್ ಏಂಜಲೀಸ್‌ನಲ್ಲಿ ಬಂಧಿತರನ್ನಿಡುವ ವ್ಯವಸ್ಥೆಗೆ ಬೇರೆ ಕಟ್ಟಡ ಕಟ್ಟಿದರು. ವಾಹನಗಳ ನಿಲುಗಡೆ ಮತ್ತು ದುರಸ್ತಿಗೂ ಹತ್ತಿರದಲ್ಲೇ ಬೇರೊಂದು ಕಟ್ಟಡ. ಮುಖ್ಯ ಕಟ್ಟಡದಲ್ಲಿ ಉಳಿದದ್ದು ಹೆಚ್ಚಾಗಿ ಮೇಜು, ಕಡತ, ಸಭೆಗಳ ಕೆಲಸ. ಕಚೇರಿಯಂತೆ ಕಾಣುವ ಕಟ್ಟಡದೊಳಗೆ ಇರುವುದೂ ಕಚೇರಿಯೇ. ಗುಟ್ಟಿನ ಕೆಲಸಗಳಿಗೆ, ಕಂಟ್ರೋಲ್ ರೂಂಗಳಿಗೆ ಎಲ್ಲ ಊರುಗಳಲ್ಲೂ ಸಾಮಾನ್ಯವಾಗಿ ಕಿಟಕಿ ಬೇಡದ ಒಳಭಾಗವನ್ನೇ ಆರಿಸುತ್ತಾರೆ. ಪರದೆ ನೋಡುತ್ತಾ ಕೂರುವವರಿಗೆ ಹಗಲಿನ ಬೆಳಕೇ ಅಡ್ಡಿ.

ಹಾಗಾದರೆ ಗಾಜನ್ನು ಆರಿಸಿದ್ದೇಕೆ? ಬೆಳಕು ಒಂದು ಕಾರಣ. ಇನ್ನೊಂದು, ‘ನಾವು ಮುಚ್ಚಿಟ್ಟು ಕೆಲಸ ಮಾಡುವವರಲ್ಲ’ ಎಂದು ಊರಿಗೆ ಹೇಳುವ ಆಸೆ. ಈ ಎರಡನೆಯದನ್ನು ಕಣ್ಣುಮುಚ್ಚಿ ನಂಬಬಾರದು. ಹಗಲಿನಲ್ಲಿ ಹೊರಗೆ ನಿಂತವನಿಗೆ ಗಾಜಿನ ಕಟ್ಟಡದೊಳಗೆ ಹೆಚ್ಚೇನೂ ಕಾಣುವುದಿಲ್ಲ. ಲಾಸ್ ಏಂಜಲೀಸ್‌ನ ಆ ಗಾಜಿನಲ್ಲೂ ಎದ್ದು ಕಾಣುವುದು ಎದುರಿನ ಸಿಟಿ ಹಾಲ್‌ನ ಬಿಳಿ ಗೋಪುರದ ಪ್ರತಿಬಿಂಬ.

ಅದಕ್ಕಿಂತ ಗಟ್ಟಿಯಾದ ಪುರಾವೆ ಅದೇ ಊರಿನ ಹಳೆಯ ಪ್ರಧಾನ ಕಚೇರಿ. ವೆಲ್ಟನ್ ಬೆಕೆಟ್ ವಿನ್ಯಾಸ ಮಾಡಿದ ಆ ಕಟ್ಟಡ 1955ರಲ್ಲಿ ತೆರೆದಾಗ ಅತ್ಯಂತ ಆಧುನಿಕ ಅನ್ನಿಸಿಕೊಂಡಿತ್ತು. ಉದ್ದುದ್ದ ಕಿಟಕಿ ಸಾಲುಗಳು, ಒಳಗೆ ಭಿತ್ತಿಚಿತ್ರ, ಹೊರಗೋಡೆಯ ಮೇಲೆ ಬರ್ನಾರ್ಡ್ ರೋಸೆಂಥಾಲ್ ಮಾಡಿದ ಒಂದು ಕುಟುಂಬದ ಕಂಚಿನ ಶಿಲ್ಪ. ಪೊಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್ 1966ರಲ್ಲಿ ತೀರಿಕೊಂಡ ಮೇಲೆ ಅದಕ್ಕೆ ಪಾರ್ಕರ್ ಸೆಂಟರ್ ಎಂದು ಹೆಸರಿಟ್ಟರು. ಆದರೆ ಅದು ಎದ್ದದ್ದು ಜಪಾನಿ ಮೂಲದವರ ಲಿಟಲ್ ಟೋಕಿಯೊ ಬಡಾವಣೆಯ ಮನೆ, ಅಂಗಡಿಗಳನ್ನು ತೆರವು ಮಾಡಿಸಿದ ಜಾಗದಲ್ಲಿ. ಕಪ್ಪು ವರ್ಣೀಯ ರಾಡ್ನಿ ಕಿಂಗ್‌ರನ್ನು ಥಳಿಸಿದ ಪ್ರಕರಣದಲ್ಲಿ 1992ರ ಏಪ್ರಿಲ್ 29ರಂದು ಪೊಲೀಸರು ಖುಲಾಸೆಯಾದಾಗ ಜನ ಸಿಟ್ಟಿನಿಂದ ಸೇರಿದ್ದು ಇದೇ ಕಟ್ಟಡದ ಮುಂದೆ. ಕಾವಲುಗಾರನ ಗೂಡಿಗೆ ಬೆಂಕಿ ಬಿತ್ತು. ಅಷ್ಟೊಂದು ಕಿಟಕಿಗಳಿದ್ದರೂ ಆ ಕಟ್ಟಡ ಜನರ ವಿಶ್ವಾಸ ಗಳಿಸಲಿಲ್ಲ. 2019ರಲ್ಲಿ ಅದನ್ನು ಕೆಡವಿದರು.

ಅದೇ ರೋಸೆಂಥಾಲ್‌ನ ಇನ್ನೊಂದು ಕೃತಿ, ಐದು ದೊಡ್ಡ ಉಕ್ಕಿನ ತಟ್ಟೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕೆಂಪು ಶಿಲ್ಪ, ನ್ಯೂಯಾರ್ಕ್‌ನ ಪೊಲೀಸ್ ಪ್ರಧಾನ ಕಚೇರಿಯಾದ ಒನ್ ಪೊಲೀಸ್ ಪ್ಲಾಜಾದ ಅಂಗಳದಲ್ಲಿದೆ. 1973ರ ಆ ಕಟ್ಟಡ ಗಾಜಿನದ್ದಲ್ಲ; ಕಾಂಕ್ರೀಟ್ ಮತ್ತು ಇಟ್ಟಿಗೆಯ ಘನಾಕೃತಿ, ಆಳಕ್ಕಿಳಿಸಿದ ಸಣ್ಣ ಸಣ್ಣ ಚೌಕ ಕಿಟಕಿಗಳು. ನೀವು ಕೇಳಿದ ಕೋಟೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ಆದರೂ 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಷ್ಟು ದಪ್ಪ ಗೋಡೆಯೂ ಸಾಲದಾಯಿತು. ಪಕ್ಕದ ಪಾರ್ಕ್ ರೋ ರಸ್ತೆಯನ್ನು ಸಾರ್ವಜನಿಕ ವಾಹನಗಳಿಗೆ ಮುಚ್ಚಿದರು. ಚೈನಾಟೌನ್‌ನ ನಿವಾಸಿಗಳು, ವ್ಯಾಪಾರಿಗಳು ವರ್ಷಗಟ್ಟಲೆ ಅದನ್ನು ವಿರೋಧಿಸಿದರು. ಮೊದಲೇ ತನ್ನ ಜಾಗದಲ್ಲಿ ಬಿಡದ ಅಂತರವನ್ನು ಕಟ್ಟಡ ಆಮೇಲೆ ಊರಿನ ರಸ್ತೆಯಿಂದ ತೆಗೆದುಕೊಂಡಿತು.

ಗಾಜಿನ ಬಗ್ಗೆ ನನಗಿರುವ ನಿಜವಾದ ಆತಂಕ ಬಾಂಬಿನದ್ದಲ್ಲ, ಬಿಸಿಲಿನದ್ದು. ದಕ್ಷಿಣ ಭಾರತದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಗೋಡೆ ಮಧ್ಯಾಹ್ನ ಮೂರರಿಂದ ಒಳಗಿನವರನ್ನು ಬೇಯಿಸುತ್ತದೆ. ಏಸಿ ಒಂದೇ ಸಮನೆ ದುಡಿಯುತ್ತದೆ, ಪರದೆಗಳು ಇಳಿಯುತ್ತವೆ, ದೀಪಗಳು ಹಗಲಲ್ಲೇ ಉರಿಯುತ್ತವೆ. ಬೆಳಕಿಗಾಗಿ ಹಾಕಿದ ಗಾಜಿನಿಂದ ಬೆಳಕೂ ದಕ್ಕುವುದಿಲ್ಲ. ಎರಡು ಪದರದ ಹೊದಿಕೆ, ಗಾಜಿನ ಹೊರಗೆ ನೆರಳಿನ ಪಟ್ಟಿಗಳು, ಪಶ್ಚಿಮಕ್ಕೆ ಮೆಟ್ಟಿಲು ಮತ್ತು ಲಿಫ್ಟ್‌ಗಳ ಗಟ್ಟಿ ಗೋಡೆ, ಉತ್ತರಕ್ಕೆ ಗಾಜು: ಈ ಪರಿಹಾರಗಳು ಎಲ್ಲ ವಾಸ್ತುಶಿಲ್ಪಿಗಳಿಗೂ ಗೊತ್ತು. ನಮ್ಮ ಊರಿನಲ್ಲಿ ಇಂಥ ಕಟ್ಟಡದ ನಕ್ಷೆ ಪತ್ರಿಕೆಯಲ್ಲಿ ಬಂದರೆ ಎತ್ತರ ನೋಡುವ ಮೊದಲು ಎರಡು ಸಂಗತಿ ಹುಡುಕಿ: ಪಶ್ಚಿಮದ ಗೋಡೆ ಯಾವುದರದ್ದು, ಮತ್ತು ದೂರು ಕೊಡಲು ಬಂದವರು ನೆರಳಿನಲ್ಲಿ ಕೂರಲು ಗೇಟಿನ ಒಳಗೆ ಜಾಗ ಇದೆಯೇ, ಅಥವಾ ಫುಟ್‌ಪಾತ್‌ನಲ್ಲೇ ನಿಲ್ಲಬೇಕೇ.