ಬೇಲಿ ಸವರೋ ಮುಂಚೆ ಬಿಳಿಮುಳ್ಳನ್ನ ಒಂದ್ಸಲ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬ್ಯಾಣದ (ಹುಲ್ಲುಗಾವಲಿನ) ಅಂಚಲ್ಲಿ, ಮಣ್ಣಿನ ಧರೆ ಮೇಲೆ, ಹಳೇ ಅಗಳದ (ಕಂದಕದ) ಪಕ್ಕ ಬೆಳೆಯೋ ಬಿಳಿಮುಳ್ಳು ಹಣ್ಣು ತಿಂದವರಿಗೆ ಅದರ ಪರಿಚಯ ಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಗೊಂಚಲು ಗೊಂಚಲು ಬೆಳ್ಳಗೆ ಹಣ್ಣಾಗಿ ನಿಂತಿರುತ್ತೆ, ತೆಳು ಸಿಪ್ಪೆ, ಒಳಗೆ ಹಿಟ್ಟುಹಿಟ್ಟಾದ ಸಿಹಿ ತಿರುಳು, ನಡುವೆ ಒಂದೇ ಗಟ್ಟಿ ಓಟೆ. ದಕ್ಷಿಣ ಕನ್ನಡದವರು ಇದನ್ನೇ ಕೊಟ್ಟೆಮುಳ್ಳು ಅಂತಾರೆ, ಮಹಾರಾಷ್ಟ್ರದ ಘಟ್ಟದಲ್ಲಿ ತೋರಣ ಅಂತ ಬೇಸಿಗೆಯಲ್ಲಿ ಮಾರ್ತಾರೆ. ವಿಜ್ಞಾನಿಗಳಿಗೆ ಇದು ಜಿಜಿಫಸ್ ರುಗೋಸಾ. ನಮ್ಮ ಪರಿಗೆ ಹಣ್ಣು, ಬಯಲುಸೀಮೆಯ ಬೋರೆ ಎಲ್ಲಾ ಇದರ ದಾಯಾದಿಗಳೇ, ಎಲ್ಲಾ ರಾಮ್ನೇಸಿ ಕುಟುಂಬದವು.

ಎಲ್ರೂ ಹಣ್ಣು ನೋಡ್ತಾರೆ, ಹೂವನ್ನ ಯಾರೂ ನೋಡಲ್ಲ. ನೋಡಬೇಕು ಅಂತ ನಾನು ಹೇಳೋದು. ಚಳಿಗಾಲದಲ್ಲಿ ಕೊಂಬೆ ತುದಿಗಳಲ್ಲಿ ಉದ್ದುದ್ದ ಹೂಗೊಂಚಲು ಬರುತ್ತೆ, ಒಂದೊಂದು ಹೂವೂ ಕೆಲವೇ ಮಿಲಿಮೀಟರ್, ಹಸಿರು ಮಿಶ್ರಿತ ಹಳದಿ. ಒಂದು ಲೆನ್ಸ್ ಹಿಡಿದು ನೋಡಿದ್ರೆ ಐದು ಮೂಲೆಯ ನಕ್ಷತ್ರ ಕಾಣುತ್ತೆ, ಆದ್ರೆ ಆ ಐದು ಮೂಲೆ ಎಸಳಲ್ಲ, ಮೊಗ್ಗನ್ನ ಹೊರಗಿಂದ ಮುಚ್ಚಿರೋ ಪುಷ್ಪಪತ್ರ, ಬಿಳಿಮುಳ್ಳಿನ ಹೂವಿಗೆ ಎಸಳೇ ಇಲ್ಲ. ನಡುವೆ ಒಂದು ದಪ್ಪ ತಟ್ಟೆ, ಅದರ ಮೇಲೆ ಮಕರಂದ ಪಳಪಳ ಅಂತಿರುತ್ತೆ. ಪರಿಗೆ ಹೂವಿಗೆ ಎಸಳಿದೆ, ಪುಟ್ಟ ಕುಲಾವಿ ಥರದ್ದು, ಪ್ರತಿ ಎಸಳಿನ ಎದುರಿಗೇ ಪರಾಗ ಹೊತ್ತ ಒಂದೊಂದು ಕೇಸರ. ಬೇರೆ ಎಷ್ಟೋ ಗಿಡಗಳಲ್ಲಿ ಕೇಸರ ಎರಡು ಎಸಳಿನ ಸಂದಿಯಲ್ಲಿರುತ್ತೆ, ಇಲ್ಲಿ ಎಸಳಿನ ಮುಂದೆನೇ. ಈ ಕುಟುಂಬದ ಗುರುತೇ ಅದು.

ಮಕರಂದ ಹಾಗೆ ತೆರೆದಿಟ್ಟಿರೋದ್ರಿಂದ ಉದ್ದ ಸೊಂಡಿಲು ಇಲ್ಲದ ನೊಣ, ಕಣಜ, ತುಡುವೆ ಜೇನು ಎಲ್ಲಕ್ಕೂ ಊಟ. ಬೋರೆ ಬಗ್ಗೆ ಸಾಕಷ್ಟು ಅಧ್ಯಯನ ಆಗಿದೆ: ಅದರ ಪರಾಗ ಭಾರ, ಅಂಟಂಟು, ಗಾಳಿಯಲ್ಲಿ ಹಾರಲ್ಲ, ಹುಳಗಳೇ ಹೊರಬೇಕು. ಒಂದೇ ಹೂವು ಮೊದಲು ಪರಾಗ ಬಿಟ್ಟು ಗಂಡಾಗಿರುತ್ತೆ, ಕೆಲವು ತಾಸಾದ್ಮೇಲೆ ಪರಾಗ ತಗೊಳ್ಳೋಕೆ ತಯಾರಾಗಿ ಹೆಣ್ಣಾಗುತ್ತೆ. ಕೆಲವು ತಳಿ ಬೆಳಿಗ್ಗೆ ಅರಳುತ್ತೆ, ಕೆಲವು ಮಧ್ಯಾಹ್ನದ ಮೇಲೆ, ಹಾಗಾಗಿ ಒಂದರ ಗಂಡು ಹೊತ್ತು ಇನ್ನೊಂದರ ಹೆಣ್ಣು ಹೊತ್ತಿಗೆ ಕೂಡಿಬರುತ್ತೆ. ಎಷ್ಟೋ ತಳಿ ತನ್ನದೇ ಪರಾಗಕ್ಕೆ ಕಾಯಿ ಕಟ್ಟಲ್ಲ, ಅದಕ್ಕೇ ಬೋರೆ ತೋಟದಲ್ಲಿ ಎರಡು ಮೂರು ತಳಿ ಬೆರೆಸಿ ಹಾಕ್ತಾರೆ. ಬಿಳಿಮುಳ್ಳು ಬೆಳೆಸೋರೂ ಒಂದೇ ತಾಯಿಗಿಡದ ಬೀಜಕ್ಕೆ ಜೋತು ಬೀಳದೆ ನಾಲ್ಕಾರು ಕಡೆಯ ಬೀಜ ತರೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಬೆಳೆಸೋದಾ, ಕಾಡು ಮುಳ್ಳನ್ನ? ಹೌದು, ಯಾಕೆ ಬೆಳೆಸಬಾರದು. ತಂತಿ ಬೇಲಿಗೆ ಸಾವಿರಾರು ರೂಪಾಯಿ ಸುರೀತೀವಿ, ಇದು ಕೊಕ್ಕೆ ಮುಳ್ಳಿನ ಬೇಲಿ, ಒಮ್ಮೆ ಹೆಣೆದುಕೊಂಡ್ರೆ ದನ ನುಗ್ಗಲ್ಲ, ಮೇಲಿಂದ ಹಣ್ಣು, ಜೇನಿಗೆ ಹೂವು, ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಕಾಮನ್ ಪಿಯರೋ ಚಿಟ್ಟೆಯ ಮರಿಗಳಿಗೆ ಈ ಜಾತಿಯ ಗಿಡಗಳ ಎಲೆಯೇ ಆಹಾರ. ಬ್ಯಾಣವೆಲ್ಲಾ ಅಕೇಶಿಯಾ ನೆಡುತೋಪು ಆಗಿರೋ ಊರಲ್ಲಂತೂ ಇಂಥ ಗಿಡ ಉಳಿಯೋಕೆ ಬೇಲಿ ಬಿಟ್ರೆ ಬೇರೆ ಜಾಗ ಇಲ್ಲ, ಇದು ನಂಗೆ ತುಂಬಾ ಬೇಜಾರಿನ ವಿಷಯ.

ಕಷ್ಟ ಇರೋದು ಓಟೆಯಲ್ಲಿ. ಅದು ಎಷ್ಟು ಗಟ್ಟಿ ಅಂದ್ರೆ ನೀರು ಒಳಗಿಳಿದು ಮೊಳಕೆ ಬರೋಕೆ ವಾರಗಟ್ಟಲೆ ಬೇಕು. ಬೋರೆ ನರ್ಸರಿಯವರು ಓಟೆಯನ್ನ ಉಪ್ಪುನೀರಿಗೆ ಹಾಕಿ ತೇಲಿದ್ದು ತೆಗೆದು ಮುಳುಗಿದ್ದು ಮಾತ್ರ ಇಟ್ಕೊಳ್ತಾರೆ, ಆಮೇಲೆ ಒಳಗಿನ ಬೀಜಕ್ಕೆ ಪೆಟ್ಟಾಗದ ಹಾಗೆ ಓಟೆ ಒಡೆದು ಬಿತ್ತುತ್ತಾರೆ, ಹಾಗೆ ಮಾಡಿದ್ರೆ ಮೂರ್ನಾಲ್ಕು ವಾರದ ಕೆಲಸ ಒಂದು ವಾರ ಹತ್ತು ದಿನಕ್ಕೆ ಇಳಿಯುತ್ತೆ. ಬಿಳಿಮುಳ್ಳಿಗೂ ಅದೇ ದಾರಿ ಹಿಡೀಬಹುದು. ಮೇ ತಿಂಗಳಲ್ಲಿ ಪೂರ್ತಿ ಹಣ್ಣಾಗಿದ್ದು ಆರಿಸಿ ತಿರುಳು ಹೋಗೋ ಹಾಗೆ ತಿಕ್ಕಿ ತೊಳೆದು ನೆರಳಲ್ಲಿ ಒಣಗಿಸಿ. ಬೋರೆ ಗಿಡದ ತಾಯಿಬೇರು ಬೇಗ ಆಳಕ್ಕೆ ಇಳಿಯುತ್ತೆ, ಗಿಡ್ಡ ಕೊಟ್ಟೆಯಲ್ಲಿ (ಸಸಿ ಬೆಳೆಸೋ ಚೀಲದಲ್ಲಿ) ಸುರುಳಿ ಸುತ್ತಿ ಹಾಳಾಗುತ್ತೆ, ಆದ್ದರಿಂದ ಇದಕ್ಕೂ ಉದ್ದ ಪ್ಲಾಸ್ಟಿಕ್ ಕೊಟ್ಟೆ ಬಳಸೋದೇ ಸೇಫ್, ಇಲ್ಲಾಂದ್ರೆ ಮಳೆ ಹಿಡಿದ ಕೂಡ್ಲೇ ಬೇಲಿ ಸಾಲಲ್ಲೇ ಬೀಜ ಊರಿಬಿಡಿ. ಬಿಸಿಲು ಬೀಳೋ ಜಾಗ ಆಗ್ಬೇಕು, ದಟ್ಟ ನೆರಳಲ್ಲಿ ಬಳ್ಳಿ ಥರ ಮರ ಹತ್ತಿಕೊಂಡು ಹೋಗುತ್ತೆ, ಹಣ್ಣು ಕೈಗೆ ಸಿಗಲ್ಲ.

ಇನ್ನು ಸವರೋ ವಿಷಯ. ಅಡಿಕೆ ಕೊಯ್ಲಿನ ಹೊತ್ತಿಗೆ ದಾರಿ ಬಿಡಿಸೋಕೆ ಅಂತ ಬೇಲಿಯನ್ನೆಲ್ಲಾ ಬೋಳಿಸೋದು ನಮ್ಮಲ್ಲಿ ರೂಢಿ. ಹೂವು ಬರೋದು ಕೊಂಬೆ ತುದಿಯಲ್ಲಿ, ಅದೂ ಅದೇ ಸಮಯದಲ್ಲಿ, ಹಾಗೆ ಬೋಳಿಸಿದ್ರೆ ಆ ವರ್ಷದ ಹಣ್ಣು ಹೋಯ್ತು ಅಂತಲೇ. ಮೇ ಕೊನೆಗೆ ಹಣ್ಣು ಮುಗಿದ್ಮೇಲೆ, ಮಳೆಗೆ ಮುಂಚೆ ಕತ್ತಿ ಹಾಕಿ, ಮಳೆಗಾಲದಲ್ಲಿ ಹೊಸ ಚಿಗುರು ಹೊಡೆದು ಚಳಿಗಾಲದ ಹೊತ್ತಿಗೆ ಹೂವಿಗೆ ರೆಡಿಯಾಗುತ್ತೆ. ದಾರಿಗೆ ಅಡ್ಡ ಬಂದ ಕೊಂಬೆ ಮಾತ್ರ ಡಿಸೆಂಬರಲ್ಲಿ ತೆಗೆದ್ರೆ ಸಾಕು.