ಶರಾವತಿಗೆ ಮತ್ತೊಂದು ಯೋಜನೆ: ಗೇರುಸೊಪ್ಪದ ಜನ ಯಾಕೆ ಬೇಡ ಅಂತಿದ್ದಾರೆ?

ಸೋಲಾರ್, ಗಾಳಿ ವಿದ್ಯುತ್ ಜಾಸ್ತಿ ಆಗಬೇಕು ಅನ್ನೋದಕ್ಕೆ ಈಗ ಯಾರ ತಕರಾರೂ ಇಲ್ಲ. ಹಾಗಿದ್ದ ಮೇಲೆ ಅದಕ್ಕೆ ಬೆನ್ನೆಲುಬು ಆಗುತ್ತೆ ಅಂತ ಹೇಳುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಹೊನ್ನಾವರ, ಸಾಗರ ಕಡೆಯವರು ಯಾಕೆ ಇಷ್ಟು ಅಡ್ಡ ನಿಂತಿದ್ದಾರೆ? ಊರು ಬಿಟ್ಟು ಬೆಂಗಳೂರು ಸೇರಿದವರು ಕೇಳುವ ಪ್ರಶ್ನೆ ಇದು. ಒಂದು ಕಡೆ ಸಿಂಗಳೀಕ, ಇನ್ನೊಂದು ಕಡೆ ಮುಳುಗಡೆ, ನಡುವೆ ಗುಡ್ಡ ಕುಸಿತ, ಕುಡಿಯುವ ನೀರು, ಅತಿಕ್ರಮಣದ ಅರ್ಜಿ. ಎಲ್ಲ ಸೇರಿ ಗೋಜಲಾಗಿದೆ.

ಮೊದಲು ಯೋಜನೆ ಏನು ಅಂತ ನೋಡೋಣ. ಮೇಲೆ ಸಾಗರ ತಾಲೂಕಿನಲ್ಲಿ ತಲಕಳಲೆ ಜಲಾಶಯ, ಕೆಳಗೆ ಹೊನ್ನಾವರ ತಾಲೂಕಿನಲ್ಲಿ ಗೇರುಸೊಪ್ಪ ಜಲಾಶಯ. ಎರಡರ ನಡುವೆ ಎತ್ತರದ ವ್ಯತ್ಯಾಸ ನಾನೂರು ಮೀಟರ್‌ಗಿಂತ ಜಾಸ್ತಿ. ಕರೆಂಟ್ ಇದ್ದಾಗ ಮನೆ ಮೇಲಿನ ಟ್ಯಾಂಕಿಗೆ ನೀರು ಹತ್ತಿಸಿಟ್ಟು ಬೇಕಾದಾಗ ನಲ್ಲಿ ತಿರುಗಿಸಿದ ಹಾಗೆಯೇ ಇದು. ಪಾವಗಡದ ಸೋಲಾರ್ ಪಾರ್ಕಿನಂಥ ಕಡೆ ಮಧ್ಯಾಹ್ನ ವಿದ್ಯುತ್ ಬೇಕಾದ್ದಕ್ಕಿಂತ ಹೆಚ್ಚಾದಾಗ ಅದರಿಂದ ಗೇರುಸೊಪ್ಪದ ನೀರನ್ನು ಮೇಲಕ್ಕೆ ಎತ್ತುವುದು. ಸಂಜೆ ಎಲ್ಲರೂ ಸ್ವಿಚ್ ಹಾಕುವ ಹೊತ್ತಿಗೆ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. ಸಾಮರ್ಥ್ಯ 2,000 ಮೆಗಾವ್ಯಾಟ್. ಇಂಥ ಯೋಜನೆಗಳಲ್ಲಿ 100 ಯೂನಿಟ್ ಖರ್ಚು ಮಾಡಿ ನೀರು ಎತ್ತಿದರೆ ವಾಪಸ್ ಸಿಗುವುದು 75ರಿಂದ 80 ಯೂನಿಟ್. ಅಂದರೆ ಇದು ವಿದ್ಯುತ್ ಹುಟ್ಟಿಸುವುದಿಲ್ಲ, ಕೂಡಿಡುತ್ತದೆ. ಅದೂ ಬೇಕು ಅನ್ನಿ. ಸೂರ್ಯ ಮುಳುಗಿದ ಮೇಲೆ ಏನಾದರೂ ಬೇಕಲ್ಲ.

ಹೊಸ ಅಣೆಕಟ್ಟು ಬೇಡ, ಪವರ್‌ಹೌಸ್ ನೆಲದಡಿ, ಇರುವ ನೀರನ್ನೇ ಮೇಲೆ ಕೆಳಗೆ ಮಾಡುವುದು, ಹೊಸದಾಗಿ ಮುಳುಗಡೆ ಇಲ್ಲ. ಯೋಜನೆಯ ಪರ ಇರುವವರ ವಾದ ಇಷ್ಟು, ಮತ್ತು ಕಾಗದದ ಮೇಲೆ ಅದು ಸುಳ್ಳಲ್ಲ. ಆದರೆ ಈ ಕಾಗದ ಓದುವವರು ಯಾರು, ಅವರ ಮನೆಯಲ್ಲಿ ಇದಕ್ಕೂ ಮೊದಲು ಎಷ್ಟು ಕಾಗದ ಬಂದು ಹೋಗಿವೆ ಅನ್ನೋದನ್ನೂ ನೋಡಬೇಕು.

1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಈ ಶತಮಾನದ ಶುರುವಿಗೆ ಗೇರುಸೊಪ್ಪದ 240 ಮೆಗಾವ್ಯಾಟ್. ಇದು ಶರಾವತಿಯ ಲೆಕ್ಕ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ, ಪಕ್ಕದಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ. ಕಾರವಾರದ ಕರಾವಳಿಗೆ ಸೀಬರ್ಡ್ ನೌಕಾನೆಲೆ. ಲಿಂಗನಮಕ್ಕಿಯಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡವರ ಮೊಮ್ಮಕ್ಕಳು ಶಿವಮೊಗ್ಗ ಜಿಲ್ಲೆಯಲ್ಲಿ ಇವತ್ತಿಗೂ ಹಕ್ಕುಪತ್ರಕ್ಕಾಗಿ ಮೆರವಣಿಗೆ ಮಾಡುತ್ತಿದ್ದಾರೆ. ಸೀಬರ್ಡ್ ನಿರಾಶ್ರಿತರ ಪರಿಹಾರದ ಕೇಸುಗಳು ದಶಕಗಟ್ಟಲೆ ಎಳೆದವು. ಕರೆಂಟು ನಾಡಿಗೆಲ್ಲ ಹೋಯಿತು, ಒಳ್ಳೆಯದೇ. ಮುಳುಗಡೆ ಮಾತ್ರ ಇಲ್ಲೇ ಉಳಿಯಿತು.

ಬೇಡ ಅಂದು ನಿಲ್ಲಿಸಿದ ನೆನಪೂ ಹೊನ್ನಾವರ ಇರುವ ಈ ಉತ್ತರ ಕನ್ನಡ ಜಿಲ್ಲೆಗೆ ಇದೆ. ಬೇಡ್ತಿ ವಿದ್ಯುತ್ ಯೋಜನೆ ಬಂದಾಗ 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ರೈತರನ್ನೂ ಕೂರಿಸಿ ಚರ್ಚೆ ಮಾಡಿದರು. ಮುಳುಗುವ ಅಡಿಕೆ ತೋಟಕ್ಕೆ, ಕಾಳುಮೆಣಸಿಗೆ, ಕಾಡಿಗೆ ಬೆಲೆ ಕಟ್ಟಿ ಎದುರು ಲೆಕ್ಕ ಇಟ್ಟರು. ಯೋಜನೆ ಕೈಬಿಟ್ಟರು. 1983ರಲ್ಲಿ ಸಾಲ್ಕಣಿ ಕಡೆ ಮರ ಅಪ್ಪಿ ಉಳಿಸುವ ಅಪ್ಪಿಕೋ ಚಳವಳಿ ಶುರುವಾಯಿತು. ತದಡಿಯ ಉಷ್ಣ ಸ್ಥಾವರವೂ ಬರಲಿಲ್ಲ. ಅಘನಾಶಿನಿ ಇವತ್ತಿಗೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುತ್ತಿದೆ.

ಆ ಅಘನಾಶಿನಿಯ ಪಕ್ಕದಲ್ಲಿಟ್ಟು ನೋಡಿದರೆ ಶರಾವತಿಗೆ ಏನಾಯಿತು ಅನ್ನೋದು ತಿಳಿಯುತ್ತದೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟಮಟ್ಟ ನೀರಿಗಿಳಿದು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆರಿಸುತ್ತಾರೆ. ಬುಟ್ಟಿ ತುಂಬಿದರೆ ಅವತ್ತಿನ ಸಂತೆ ಖರ್ಚು ಕಳೆಯಿತು. ಶರಾವತಿಯ ಹೊನ್ನಾವರ ಅಳಿವೆಯಲ್ಲಿ ಬಳಚು ಹೀಗೆ ಸಿಗುವುದಿಲ್ಲ. ವಿದ್ಯುದಾಗಾರದಿಂದ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿದೆ, ಉಪ್ಪು ಬೇಕಾದ ಜೀವಿಗಳು ಹೋಗಿವೆ. ಅಣೆಕಟ್ಟು ಕಟ್ಟುವಾಗ ಬಳಚಿನವರನ್ನು ಯಾರೂ ಸಂತ್ರಸ್ತರು ಅಂತ ಬರೆದುಕೊಂಡಿರಲಿಲ್ಲ. ಅವರ ಮನೆ ಮುಳುಗಿರಲಿಲ್ಲವಲ್ಲ! ಈಗ ಭಯ ತಿರುಗಿದೆ. ನೀರನ್ನು ಮೇಲಕ್ಕೆ ಎತ್ತಲು ಶುರು ಮಾಡಿದರೆ ಕೆಳಗೆ ಬಿಡುವ ನೀರಿನ ಹೊತ್ತು ಬದಲಾಗುತ್ತದಾ, ಉಪ್ಪು ನೀರು ಮೇಲೆ ಹತ್ತಿ ಬಾವಿಗೆ, ತೋಟಕ್ಕೆ ಬರುತ್ತದಾ ಅಂತ. ಅದೇ ನೀರು ಸುತ್ತುತ್ತದೆ, ತೊಂದರೆ ಇಲ್ಲ ಅನ್ನುವ ಉತ್ತರ ಇದೆ. ಇರಬಹುದು. ಆದರೆ ಒಂದು ಸಲ ಉಪ್ಪಿನ ಲೆಕ್ಕ ತಪ್ಪಿದ ನದಿ ಇದು, ಜನ ಕೇಳುತ್ತಾರೆ.

ಈಗಿನ ಜಗಳ ಶುರುವಾಗಿದ್ದು ಇಲ್ಲಿಂದ. 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವನ್ನು ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿ ದೊಡ್ಡದು ಮಾಡಿ, ಸಿಂಗಳೀಕದ ಹೆಸರಿಟ್ಟರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಂಗ ಅದು. ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಕಡಿಮೆ. ಹಾಗಾಗಿ ಕಾಡಿನ ನಡುವೆ ಅಗಲ ರಸ್ತೆ ಬಂದು ಮೇಲಿನ ಕೊಂಬೆಗಳು ಬೇರೆಯಾದರೆ ಅದಕ್ಕೆ ಆಚೆಯ ಕಾಡು ಇಲ್ಲದ ಹಾಗೆಯೇ. ಅಭಯಾರಣ್ಯ ಘೋಷಣೆಯಾದ ಮರುವರ್ಷ, 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ವಿಡಿಯೊ ಕಾನ್ಫರೆನ್ಸ್‌ನಲ್ಲಿ ನಡೆದ ಸಭೆಯಲ್ಲಿ ಅದೇ ಕಾಡಿನಲ್ಲಿ ಬೋರ್ ಕೊರೆದು ಪರೀಕ್ಷೆ ಮಾಡಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿತು. ಬರೀ ಸರ್ವೆ ಅಷ್ಟೇ ಅಂದರು. ಸರ್ವೆ ಮುಗಿದ ಮೇಲೆ ಯೋಜನೆ ಬಂತು, ಎಲ್ಲ ಒಪ್ಪಿಗೆ ಸಿಗುವ ಮೊದಲೇ ಗುತ್ತಿಗೆಯೂ ಆಯಿತು. ಬೇಕಾಗುವ ಅರಣ್ಯ ಸುಮಾರು 54 ಹೆಕ್ಟೇರ್, ಹೋಗುವ ಮರ 16,000ದಷ್ಟು. 2025ರ ಜೂನ್‌ನಲ್ಲಿ ಅದೇ ಸ್ಥಾಯಿ ಸಮಿತಿಯಿಂದ ತಾತ್ವಿಕ ಒಪ್ಪಿಗೆ ಸಿಕ್ಕಿತು.

ಜನರ ಮಾತು ಕೇಳುವ ಸರದಿ ಬಂದಿದ್ದು ಆಮೇಲೆ, ಸೆಪ್ಟೆಂಬರ್‌ನಲ್ಲಿ. ಕಾರ್ಗಲ್ ಕಡೆ ಒಂದು, ಗೇರುಸೊಪ್ಪದಲ್ಲಿ ಒಂದು ಅಹವಾಲು ಸಭೆ. ಈ ಸಭೆಗಳ ನಿಯಮ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿದೆ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಪೂರ್ತಿ ವರದಿ ಮಾತ್ರ ಇಂಗ್ಲಿಷಿನ ದಪ್ಪ ಕಟ್ಟು, ಕಚೇರಿಗೆ ಹೋಗಿ ಕೂತು ಓದಬೇಕು. ಸಭೆಗೆ ಕೋರಂ ಅನ್ನೋದು ಇಲ್ಲ, ನಾಲ್ಕು ಜನ ಬಂದರೂ ಸಭೆಯೇ. ಯಾರು ಏನು ಹೇಳಿದರು ಅಂತ ಬರೆದುಕೊಂಡು ಕೊನೆಗೆ ಓದಿ ಹೇಳಬೇಕು, ವಿಡಿಯೊ ಮಾಡಬೇಕು. ಆದರೆ ಅಲ್ಲಿ ಮತಕ್ಕೆ ಹಾಕುವುದಿಲ್ಲ. ಬಂದವರೆಲ್ಲ ಬೇಡ ಅಂದರೂ ಯೋಜನೆ ಅಲ್ಲಿಗೇ ನಿಲ್ಲುವುದಿಲ್ಲ, ವರದಿ ಮೇಲಕ್ಕೆ ಹೋಗುತ್ತದೆ ಅಷ್ಟೇ. ಇದು ಗೊತ್ತಿಲ್ಲದೆ ಮೈಕ್ ಹಿಡಿದು ಗಂಟಲು ಹರಿದುಕೊಂಡವರು ಎಷ್ಟೋ ಜನ.

ಇಲ್ಲಿನ ಸಿಟ್ಟಿಗೆ ಹೊರಗಿನವರಿಗೆ ಕಾಣದ ಇನ್ನೊಂದು ಕಾರಣ ಇದೆ. ಈ ಜಿಲ್ಲೆಯಲ್ಲಿ ಬಹುಪಾಲು ಭೂಮಿ ಅರಣ್ಯ. ತಲೆಮಾರಿನಿಂದ ಸಾಗುವಳಿ ಮಾಡಿದ ಎರಡು ಎಕರೆಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ, ದಾಖಲೆ ಕೊಡಬೇಕು. ಸಿಗದವರ ಅರ್ಜಿ ವಜಾ. ಮನೆ ಪಕ್ಕ ಕೊಟ್ಟಿಗೆಗೆ ನಾಲ್ಕು ಕಂಬ ನೆಟ್ಟರೂ ಗಾರ್ಡ್ ಬಂದು ಕೇಳುತ್ತಾರೆ. ಹಾಗೆ ಬದುಕಿದವರಿಗೆ ಅಭಯಾರಣ್ಯದ ಒಳಗೆ ಸುರಂಗ, ರಸ್ತೆ ಆಗುತ್ತದೆ ಅಂದರೆ ಹೇಗನ್ನಿಸಬೇಡ? ಮೇಲೆ ಮಳೆಗಾಲದ ಹೆದರಿಕೆ ಬೇರೆ. 2021ರಲ್ಲಿ ಯಲ್ಲಾಪುರದ ಕಳಚೆ ಜಾರಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಸತ್ತರು. ಸುರಂಗ ಕೊರೆದು ತೆಗೆದ ಕಲ್ಲು ಮಣ್ಣನ್ನು ಎಲ್ಲಿ ಹಾಕುತ್ತೀರಿ, ಮಳೆಗೆ ಅದು ಎಲ್ಲಿಗೆ ಇಳಿಯುತ್ತದೆ ಅನ್ನುವ ಪ್ರಶ್ನೆ ಇದೆಲ್ಲ ಆದಮೇಲೆ ಸುಮ್ನೆ ಭಾವನೆಯ ಮಾತಾಗಿ ಉಳಿಯುವುದಿಲ್ಲ.

ವಿರೋಧಿಸುವವರ ಮಾತೆಲ್ಲ ಸರಿ ಅಂತಲೂ ಅಲ್ಲ. ಇಡೀ ಕಣಿವೆ ಮುಳುಗುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡಿದ್ದು ತಪ್ಪು. ಬ್ಯಾಟರಿ ಹಾಕಿ ಮುಗಿಸಿ ಅನ್ನುವವರು ಅದರ ಆಯಸ್ಸು, ಹಣ ಎರಡನ್ನೂ ಲೆಕ್ಕ ಹಾಕಿ ತೋರಿಸಬೇಕು. ಅದೇ ರೀತಿ 54 ಹೆಕ್ಟೇರ್ ಅಷ್ಟೇ ಅನ್ನುವವರು ಲಿಂಗನಮಕ್ಕಿ, ಸೂಪಾ, ಕದ್ರಾ, ಕೈಗಾ, ಸೀಬರ್ಡ್ ಎಲ್ಲ ಕೂಡಿಸಿ ಈ ಜಿಲ್ಲೆ ಮತ್ತು ಪಕ್ಕದ ತಾಲೂಕುಗಳು ಒಟ್ಟು ಎಷ್ಟು ಕೊಟ್ಟಿವೆ ಅಂತ ಒಂದೇ ಹಾಳೆಯಲ್ಲಿ ಬರೆದು ತೋರಿಸಬೇಕು. ಪ್ರತಿ ಯೋಜನೆಯೂ ಒಂಟಿಯಾಗಿ ಬಂದು ತನ್ನ ಪಾಲು ಸಣ್ಣದು ಅನ್ನುತ್ತದೆ, ಕೂಡಿಸುವ ಕೆಲಸ ಯಾರ ಮೇಜಿಗೂ ಬರುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಅರಣ್ಯ ಸಲಹಾ ಸಮಿತಿ ಈ ಕಡತದ ಮೇಲಿನ ತೀರ್ಮಾನವನ್ನು ಮುಂದೂಡಿತು. ಅದಕ್ಕೂ ಮೊದಲು ಸ್ಥಳಕ್ಕೆ ಬಂದು ನೋಡಿದ ಅರಣ್ಯ ಅಧಿಕಾರಿಗಳ ವರದಿಯಲ್ಲಿ ಕಾಡು ತುಂಡಾಗುವ ಬಗ್ಗೆ, ಗುಡ್ಡದ ಬಗ್ಗೆ ಆಕ್ಷೇಪಗಳಿದ್ದವು. ಗೇರುಸೊಪ್ಪದ ಸಭೆಯಲ್ಲಿ ಜನ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.